ಬದುವಿನಾಚೆ ಹಿಪ್ಪುನೇರಳೆ

ಡಬ್ಬದ ಮೇಲೆ ‘ಜೈವಿಕ’ ಅಂತಿದ್ದರೆ ಕಣ್ಣುಮುಚ್ಚಿ ಹೊಡೆಯಬಹುದು ಅನ್ನುವವರು ಒಮ್ಮೆ ರಾಜಾನುಕುಂಟೆ ಕಡೆ ಬರಬೇಕು. ನಮ್ಮ ಅರ್ಧ ಎಕರೆ ಟೊಮೆಟೊ ಮುಗಿಯುತ್ತಿದ್ದಂತೆ ಬದು, ಬದುವಿನಾಚೆ ಹಿಪ್ಪುನೇರಳೆ. ಆ ತೋಟದ ಯಜಮಾನರ ಮನೆಯಲ್ಲಿ ವರ್ಷಪೂರ್ತಿ ರೇಷ್ಮೆ. ನಾನೂ ದೇವನಹಳ್ಳಿ ಕಡೆಯ ವಿಜಯಪುರದ ರೇಷ್ಮೆ ಮನೆಯ ಮಗಳೇ. ಕಾಲು ತೊಳೆಯದೆ ಹುಳದ ಮನೆ ಹೊಕ್ಕರೆ ಬೆನ್ನಿಗೆ ಬೀಳುತ್ತಿದ್ದ ಏಟು ಇನ್ನೂ ನೆನಪಿದೆ.

ಈ ಸಲ ಹೂ ಬಿಡುವ ಹೊತ್ತಿಗೆ ಕಾಯಿಕೊರಕ ಕಾಣಿಸಿತು. ಗೊಬ್ಬರದಂಗಡಿಯವರು ಎರಡು ಡಬ್ಬ ಮುಂದಿಟ್ಟರು: ಒಂದು ಬಿ.ಟಿ., ಇನ್ನೊಂದು ಬ್ಯೂವೇರಿಯಾ. ಎರಡೂ ಒಳ್ಳೆಯ ಮದ್ದೇ, ಬೇರೆ ಊರಲ್ಲಿ. ಬಿ.ಟಿ. ಬ್ಯಾಕ್ಟೀರಿಯಾ ಮೊದಲು ಪತ್ತೆಯಾಗಿದ್ದೇ ಸಾಯುತ್ತಿದ್ದ ರೇಷ್ಮೆ ಹುಳದಲ್ಲಿ, 1901ರಲ್ಲಿ, ಜಪಾನಿನಲ್ಲಿ. ಬ್ಯೂವೇರಿಯಾ ಅಂದರೆ ನಮ್ಮಮ್ಮ ಹೆದರುತ್ತಿದ್ದ ಸುಣ್ಣಕಟ್ಟು ರೋಗದ ಶಿಲೀಂಧ್ರ. ಗಾಳಿ ಬೀಸಿ ಪಕ್ಕದ ಸೊಪ್ಪಿನ ಮೇಲೆ ಕೂತರೆ ಅವರ ಬೆಳೆ ಹೋಯಿತು. ಎರಡನ್ನೂ ಅಲ್ಲೇ ಬಿಟ್ಟು ಬಂದೆ.

ನಾನು ಹೊಡೆದದ್ದು ಎನ್‌ಪಿವಿ, ಹುಳಕ್ಕೆ ರೋಗ ತರುವ ವೈರಸ್. ವೈರಸ್ ಅಂದ ಕೂಡಲೇ ಯಜಮಾನರ ಮುಖ ಸಣ್ಣದಾಯಿತು. ಸಹಜ ತಾನೆ, ರೇಷ್ಮೆಗೆ ಹಾಲುತೊಂಡೆ ರೋಗ ತರುವುದೂ ಎನ್‌ಪಿವಿಯೇ. ಆದರೆ ಆ ವೈರಸ್ ಬೇರೆ, ಇದು ಬೇರೆ. ಹೆಲಿಕೋವರ್ಪಾ ಕಾಯಿಕೊರಕದ್ದು ರೇಷ್ಮೆಗೆ ತಗಲುವುದಿಲ್ಲ. ಹೆಕ್ಟೇರಿಗೆ 250 ಎಲ್.ಇ. (ರೋಗ ಬಿದ್ದ ಹುಳದ ಲೆಕ್ಕದಲ್ಲಿ ವೈರಸ್ಸಿನ ಅಳತೆ) ಶಿಫಾರಸು, ಎಕರೆಗೆ 100 ಅಂದುಕೊಳ್ಳಿ. ಬೆಲ್ಲ ಕಲಸಿ, ಬಿಸಿಲು ಇಳಿದ ಮೇಲೇ ಹೊಡೆಯಬೇಕು, ಏಕೆಂದರೆ ನೇರಳಾತೀತ ಕಿರಣ ವೈರಸ್ಸನ್ನು ಕೆಡಿಸುತ್ತದೆ. ಹುಳು ಇನ್ನೂ ಮರಿಯಾಗಿ ಎಲೆ ಮೇಲಿರುವಾಗ ಸಿಕ್ಕರೆ ಸರಿ. ಕಾಯಿಯೊಳಗೆ ಸೇರಿಕೊಂಡಿತೋ, ಮುಗಿಯಿತು. ರೋಗ ಹತ್ತಿದ ಹುಳು ಗಿಡದ ತುದಿಗೆ ಹತ್ತಿ, ತಲೆಕೆಳಗಾಗಿ ನೇತಾಡಿ, ಒಡೆದು ಸೋರುತ್ತದೆ. ಅದು ಬಿದ್ದ ಎಲೆಯನ್ನು ತಿಂದ ಹುಳಕ್ಕೂ ಅದೇ ಗತಿ. ನೋಡಲು ಅಸಹ್ಯ. ನನಗಂತೂ ಖುಷಿಯಾಯಿತು, ಸುಳ್ಳೇಕೆ ಹೇಳಲಿ.

ಮೊಟ್ಟೆ ಹಂತಕ್ಕೆ ಟ್ರೈಕೊಗ್ರಾಮ. ಅರ್ಧ ಮಿಲಿಮೀಟರಿನಷ್ಟೇ ಇರುವ ಕಣಜ. ಅಕ್ಕಿ ಪತಂಗದ ಮೊಟ್ಟೆಗಳನ್ನು ರಟ್ಟಿಗೆ ಅಂಟಿಸಿ, ಅವುಗಳೊಳಗೆ ಈ ಕಣಜ ಮೊಟ್ಟೆಯಿಟ್ಟ ಮೇಲೆ ಕಾರ್ಡು ಮಾಡಿ ಕೊಡುತ್ತಾರೆ. ಪರಾವಲಂಬಿ ಸೇರಿದ ಮೊಟ್ಟೆ ಕಪ್ಪಾಗುತ್ತದೆ. ತರುವಾಗ ಆ ಕಪ್ಪನ್ನೇ ನೋಡಿಕೊಳ್ಳಿ. ಚೂರು ಮಾಡಿ ಎಲೆಯ ಅಡಿಗೆ ಪಿನ್ ಹೊಡೆಯುವುದು, ಸಂಜೆ. ಇರುವೆ ಕಂಡರೆ ಅಲ್ಲಿ ಬೇಡ. ರೇಷ್ಮೆಯವರು ಮನೆಗೆ ತರುವುದು ಚಾಕಿ, ಅಂದರೆ ಎಳೆ ಹುಳದ ಸಾಕಣೆ, ಮುಗಿದ ಹುಳು. ಅವರಲ್ಲಿ ಮೊಟ್ಟೆಯೇ ಇರುವುದಿಲ್ಲವಾದ್ದರಿಂದ ಜಗಳಕ್ಕೆ ಕಾರಣವಿಲ್ಲ.

ಈ ಕಣಜದ ಉಪಾಯ ನನಗೆ ಹೊಸದೇನಲ್ಲ. 1980ರಲ್ಲಿ ಬಂಗಾಳದಿಂದ ಕರ್ನಾಟಕಕ್ಕೆ ಬಂದ ಊಜಿ ನೊಣವೂ ಮಾಡುವುದು ಇದನ್ನೇ: ಇನ್ನೊಬ್ಬರ ಮೈಯಲ್ಲಿ ಮರಿ ಸಾಕುವುದು. ಅಮ್ಮ ಬಾಗಿಲು ಕಿಟಕಿಗೆಲ್ಲ ಜಾಲರಿ ಬಡಿದು ಹೊರಗಿಟ್ಟಿದ್ದ ಕಸುಬಿಗೆ ಈಗ ಮಗಳು ದುಡ್ಡು ಕೊಡುತ್ತಿದ್ದಾಳೆ.

ಇನ್ನು ಚೆಂಡುಹೂ. ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆ ಐಐಎಚ್‌ಆರ್‌ನವರ ಸಲಹೆ: ಹದಿನಾರು ಸಾಲು ಟೊಮೆಟೊಗೆ ಒಂದು ಸಾಲು ಆಫ್ರಿಕನ್ ಚೆಂಡುಹೂ. ಚೆಂಡುಹೂ ಸಸಿಗೆ 45 ದಿನ, ಟೊಮೆಟೊ ಸಸಿಗೆ 25 ದಿನ ಆಗಿರಬೇಕು, ಎರಡೂ ಒಟ್ಟಿಗೆ ಹೂವಿಗೆ ಬರಲೆಂದು. ಕಾಯಿಕೊರಕದ ಪತಂಗ ಚೆಂಡುಹೂವಿಗೇ ಮೊದಲು ಮೊಟ್ಟೆಯಿಡುತ್ತದೆ. ನಮ್ಮ ಯಜಮಾನರಿಗೆ, ಅಂದರೆ ನನ್ನ ಗಂಡನಿಗೆ, ಹುಳಕ್ಕಿಂತ ಆ ಹೂವಿನ ಲೆಕ್ಕವೇ ಹೆಚ್ಚು: ವರಮಹಾಲಕ್ಷ್ಮಿಗೆ ಕೆ.ಆರ್. ಮಾರ್ಕೆಟ್ಟಿಗೆ ಹಾಕಿದರೆ ಎಷ್ಟು ಸಿಗಬಹುದು ಅಂತ.

2014ರಲ್ಲಿ ದೇಶಕ್ಕೆ ಕಾಲಿಟ್ಟ, ಎಲೆಯೊಳಗೆ ಸುರಂಗ ಕೊರೆಯುವ ಟ್ಯೂಟಾ ಹುಳಕ್ಕೆ ಈ ವೈರಸ್ ಏನೂ ಮಾಡುವುದಿಲ್ಲ. ಅದಕ್ಕೆ ಗಂಡು ಪತಂಗವನ್ನು ವಾಸನೆಯಿಂದ ಸೆಳೆಯುವ ಮೋಹಕ ಬಲೆ ಕಟ್ಟಿ, ಸುರಂಗ ಬಿದ್ದ ಎಲೆ ಕಿತ್ತು ಸುಡುತ್ತೇನೆ. ಅದರ ಮೊಟ್ಟೆ ತಿನ್ನುವ ನೆಸಿಡಿಯೊಕೋರಿಸ್ ಎಂಬ ಹಸಿರು ತಿಗಣೆ ತಾನಾಗಿಯೇ ಬಂದಿತ್ತು. ಬೇಟೆ ಸಿಗದಿದ್ದರೆ ಅದು ಟೊಮೆಟೊ ಕಾಂಡಕ್ಕೇ ಬಾಯಿ ಹಾಕುತ್ತದೆ. ಹಾಗಾಗಿ ಬಂದದ್ದು ಇರಲಿ, ದುಡ್ಡು ಕೊಟ್ಟು ತರುವಷ್ಟು ನಂಬಿಕೆ ನನಗಿಲ್ಲ.

ಎನ್‌ಪಿವಿ ತರುವವರು ಯಾವ ಹುಳದ್ದು ಅಂತ ಓದಿ ತನ್ನಿ. ಎಲೆ ತಿನ್ನುವ ಸ್ಪೊಡಾಪ್ಟೆರಾದ್ದೂ ಬೇರೆ ಡಬ್ಬದಲ್ಲಿ ಸಿಗುತ್ತದೆ. ಅದನ್ನು ಕಾಯಿಕೊರಕಕ್ಕೆ ಹೊಡೆದರೆ ಬೆಲ್ಲವೂ ದಂಡ.