ನಗುವಿನ ಗುಂಡಿ, ಸಿಟ್ಟಿನ ನಾಬ್: ಸೈನ್‌ಫೆಲ್ಡ್ ಮೀಟರಿನ ಕೆಳಗಿನ ಅರ್ಧ ಕೊನೆಗೂ ಸಿಕ್ಕಿತು

ಸಿಕ್ಕಿತು! ಅಮೆರಿಕದ ಹಾಸ್ಯ ಧಾರಾವಾಹಿ ಸೈನ್‌ಫೆಲ್ಡ್ ಬಗ್ಗೆ ನೋಡುಗರ ಅಭಿಪ್ರಾಯ ಅಳೆಯಲು ನಾವು ಮಾಡಿದ ಮೀಟರಿನಲ್ಲಿ, ನಾಬನ್ನು ನಟ್ಟನಡುವೆ ಇಟ್ಟು ಸುಮ್ಮನೆ ಕೂತವರೂ ಗ್ರಾಫಿನಲ್ಲಿ ಕಡುವಿರೋಧಿಗಳಾಗಿ ಕಾಣುತ್ತಿದ್ದುದಕ್ಕೆ ಕಾರಣ ಗೊತ್ತಾಯಿತು, ಮದ್ದೂ ಆಯಿತು. ಹುಬ್ಬಳ್ಳಿ ಬಳಗದ 12 ನಾಬ್ ಡಬ್ಬಿಗಳೂ (ಒಬ್ಬ ನೋಡುಗರಿಗೆ ಒಂದು) ಈಗ ಸರಿಯಾಗಿ ಓದುತ್ತಿವೆ. ಡಬ್ಬಿಗೆ ತೂತು ಹೊಡೆಯುವುದು, ಬೆಸುಗೆ, ವೈಫೈ ಜೋಡಣೆ ಎಲ್ಲ ನಿಮಗೆ ಗೊತ್ತಿರುವುದೇ. ಅದನ್ನು ಬಿಟ್ಟು ಜೀವ ತಿಂದ ಭಾಗಕ್ಕೇ ಬರುತ್ತೇನೆ.

ಹೊಸಬರಿಗಾಗಿ ಒಂದೇ ಮಾತು. ಧಾರಾವಾಹಿ ನೋಡುತ್ತಲೇ ಪ್ರತಿಯೊಬ್ಬರೂ ಕೈಯಲ್ಲಿರುವ ನಾಬ್ ತಿರುವಿ ಆ ಕ್ಷಣದ ಅಭಿಪ್ರಾಯ ಹೇಳುತ್ತಾರೆ: ಎಡಕ್ಕೆ ಇಷ್ಟವಿಲ್ಲ, ಬಲಕ್ಕೆ ಇಷ್ಟ. ಇಎಸ್‌ಪಿ32 ಎಂಬ ವೈಫೈ ಇರುವ ಸಣ್ಣ ಕಂಪ್ಯೂಟರ್ ಬೋರ್ಡ್ ಅದನ್ನು ಸೆಕೆಂಡಿಗೆ 4 ಸಲ ಬರೆದಿಡುತ್ತದೆ. ಕಲ್ಪನೆ ಹಳೆಯದು. 1930ರ ದಶಕದ ಕೊನೆಗೇ ಸಂಶೋಧಕರಾದ ಪಾಲ್ ಲಾಜರ್ಸ್‌ಫೆಲ್ಡ್ ಮತ್ತು ಫ್ರಾಂಕ್ ಸ್ಟಾಂಟನ್ ರೇಡಿಯೋ ಕೇಳುಗರ ಕೈಗೆ ಇಷ್ಟಕ್ಕೆ ಹಸಿರು, ಇಷ್ಟವಿಲ್ಲದ್ದಕ್ಕೆ ಕೆಂಪು ಗುಂಡಿ ಕೊಟ್ಟು ಕಾಗದದ ಸುರುಳಿಯ ಮೇಲೆ ಗೆರೆ ಎಳೆಸಿದ್ದರು. ನಮಗೆ ಬೇಕಾಗಿದ್ದು ಸೈನ್‌ಫೆಲ್ಡ್‌ನ ನಾಲ್ವರ ಬಗ್ಗೆ: ಜೆರ್ರಿ, ಜಾರ್ಜ್, ಎಲೇನ್, ಕ್ರೇಮರ್. ತಮ್ಮ ಹೊಟ್ಟೆ, ತಮ್ಮ ಕಾರು, ತಮ್ಮ ಮಾನ ಬಿಟ್ಟು ಬೇರೇನೂ ಕಾಣದ ಈ ಗೆಳೆಯರನ್ನು ನಮ್ಮ ಮಂದಿ ಯಾವ ಕ್ಷಣದಲ್ಲಿ ಒಪ್ಪುತ್ತಾರೆ, ಯಾವಾಗ ‘ಸಾಕು ಮುಚ್ರಿ’ ಅನ್ನುತ್ತಾರೆ ಎಂಬುದು.

ಮೊದಲ ಪ್ರದರ್ಶನಕ್ಕೆ ಆರಿಸಿದ್ದು 1991ರ ಮೇ 23ರಂದು ಪ್ರಸಾರವಾದ ಚೈನೀಸ್ ರೆಸ್ಟೋರೆಂಟ್ ಕಂತು. ಮೀಟರ್ ಪರೀಕ್ಷೆಗೆ ಇದರಷ್ಟು ಒಳ್ಳೆಯದು ಇನ್ನೊಂದಿಲ್ಲ. ಮೂವರು ಮೇಜು ಖಾಲಿಯಾಗಲೆಂದು ಕಾಯುತ್ತಾರೆ, ಅಷ್ಟೇ ಕಥೆ. ಜಾಗ ಬದಲಾಗುವುದಿಲ್ಲ, ಕ್ರೇಮರ್ ಬರುವುದೇ ಇಲ್ಲ. ನಾಬ್ ಅಲ್ಲಾಡಿದರೆ ಆ ಮೂವರ ನಡತೆಗೇ ಅಲ್ಲಾಡಬೇಕು. ಆದರೆ ಗ್ರಾಫ್ ನೋಡಿದರೆ ಎಲ್ಲರೂ ಮೊದಲ ನಿಮಿಷದಿಂದ ನೆಲಕ್ಕೆ ಅಂಟಿಕೊಂಡಿದ್ದಾರೆ. ಕೋಣೆಯಲ್ಲಿ ಮಾತ್ರ ಮಂದಿ ಬಿದ್ದು ಬಿದ್ದು ನಗುತ್ತಿದ್ದರು.

ದೋಷ ಪಾಟ್‌ಗಳದು, ಅಂದರೆ ನಾಬಿನ ಕೆಳಗೆ ಕೂತು ತಿರುವಿದಂತೆ ರೋಧ ಬದಲಿಸುವ ಪೊಟೆನ್ಶಿಯೋಮೀಟರ್‌ಗಳದು. ಆರ್ಡರ್ ಮಾಡಿದ್ದು ಬಿ10ಕೆ, ಅಂದರೆ 10ಕೆ (10,000 ಓಮ್) ರೋಧದ, ತಿರುವಿದಷ್ಟೇ ಸಮವಾಗಿ ಏರುವ ಜಾತಿ. ಬೆನ್ನ ಮೇಲೆ ಅಚ್ಚಾಗಿದ್ದೂ ಬಿ10ಕೆ. ಒಳಗಿದ್ದದ್ದು ಧ್ವನಿವರ್ಧಕಕ್ಕೆ ಹಾಕುವ, ಮೊದಲು ನಿಧಾನವಾಗಿ ಆಮೇಲೆ ಜೋರಾಗಿ ಏರುವ ಎ ಜಾತಿಯ ಪಟ್ಟಿ! ಸರಬರಾಜುದಾರರಿಗೆ ಫೋನ್ ಮಾಡಿದರೆ ‘ಎರಡೂ ಹತ್ತ್ ಕೆನ ಅಲ್ರಿ, ಏನ್ ಫರಕ್?’ ಎಂಬ ಉತ್ತರ. ಫರಕ್ ಬಹಳ ಇದೆ ಸ್ವಾಮಿ. ಕಂಡುಹಿಡಿಯುವುದು ಒಂದು ನಿಮಿಷದ ಕೆಲಸ: ನಾಬನ್ನು ನಡುವೆ ನಿಲ್ಲಿಸಿ, ನಡುಗಾಲಿನಿಂದ ಎರಡೂ ಅಂಚಿನ ಕಾಲುಗಳಿಗೆ ಮಲ್ಟಿಮೀಟರ್ ಹಿಡಿಯಿರಿ. ಎರಡೂ ಕಡೆ 5ಕೆ ಆಸುಪಾಸು ಬಂದರೆ ಬಿ. ಒಂದು ಕಡೆ 1.2ಕೆ, ಇನ್ನೊಂದು ಕಡೆ 8.8ಕೆ ಅಂತ ಬಂದರೆ ಎ. ಬೆಸುಗೆಗೆ ಮುಂಚೆ ಒಂದೊಂದನ್ನೂ ಅಳೆಯಿರಿ, ಅಚ್ಚನ್ನು ನಂಬಬೇಡಿ.

ಇಷ್ಟೇ ಆಗಿದ್ದರೆ ಸಾಫ್ಟ್‌ವೇರಿನಲ್ಲಿ ತಿದ್ದಿಬಿಡಬಹುದಿತ್ತು. ಇಎಸ್‌ಪಿ32ರ ವೋಲ್ಟನ್ನು ಅಂಕೆಯಾಗಿ ಓದುವ ಎಡಿಸಿಯ ಗುಣ ಇಲ್ಲಿ ಸೇರಿ ಕೆಲಸ ಕೆಡಿಸಿತು. ಒಳಬರುವ ವೋಲ್ಟನ್ನು ತಗ್ಗಿಸಿ ಓದುವ 11 ಡೆಸಿಬೆಲ್ ಅಟೆನ್ಯುಯೇಶನ್‌ನಲ್ಲಿ ಅದು 0.15 ವೋಲ್ಟಿನಿಂದ 2.45 ವೋಲ್ಟಿನವರೆಗೆ ಮಾತ್ರ ನೆಟ್ಟಗೆ ಓದುತ್ತದೆ. ಅದಕ್ಕಿಂತ ಕೆಳಗೆ ಬಂದದ್ದೆಲ್ಲ ಹೆಚ್ಚುಕಡಿಮೆ ಸೊನ್ನೆ. ಎ ಜಾತಿಯ ಪಾಟ್‌ಗೆ ಸೀದಾ 3.3 ವೋಲ್ಟ್ ಕೊಟ್ಟರೆ ನಡುಬಿಂದುವಿಗೆ ಬರುವುದೇ 0.4 ವೋಲ್ಟ್. ಅಂದರೆ ‘ಇಷ್ಟವಿಲ್ಲ’ ಎಂಬ ಇಡೀ ಅರ್ಧ 0.4 ವೋಲ್ಟಿನೊಳಗೆ ಮುದುಡಿ ಕೂತಿದೆ, ಅದರಲ್ಲೂ ಮೂರನೇ ಒಂದು ಪಾಲಿಗಿಂತ ಹೆಚ್ಚು ಕುರುಡು ವಲಯದಲ್ಲಿ ಮಾಯ. ಬೇರೆ ಯಾವುದೋ ಸಂಸಾರದ ಕಥೆಯಾಗಿದ್ದರೆ ನಾಬ್ ಬಲಕ್ಕೇ ಓಡಾಡುತ್ತಿತ್ತು, ಗೊತ್ತೇ ಆಗುತ್ತಿರಲಿಲ್ಲ. ಈ ನಾಲ್ವರ ಬಗ್ಗೆ ಮಂದಿಗೆ ಹೇಳಬೇಕಾದದ್ದೆಲ್ಲ ಎಡಗಡೆಯೇ ಇದೆ!

ಪಾಟಿನ ಅಂಚಿನ ಕಾಲುಗಳನ್ನು ಅದಲುಬದಲು ಮಾಡಿ ಪ್ರಯೋಜನವಿಲ್ಲ, ಮುದುಡಿದ ಭಾಗ ಮೇಲಿನ ಅಂಚಿಗೆ ಹೋಗುತ್ತದೆ, ಅಲ್ಲಿ ಇನ್ನೊಂದು ಕುರುಡು ವಲಯ. ಸರಿಯಾದ ಉಪಾಯ ಎರಡು ರೆಸಿಸ್ಟರ್: ನೆಲದ (ಗ್ರೌಂಡ್, 0 ವೋಲ್ಟ್) ಕಡೆಗೆ 1ಕೆ, 3.3 ವೋಲ್ಟಿನ ಕಡೆಗೆ 3.9ಕೆ. ಈಗ ಒಟ್ಟು 14.9ಕೆ. ನಾಬ್ ಪೂರ್ತಿ ಎಡಕ್ಕಿದ್ದಾಗ 0.22 ವೋಲ್ಟ್, ನಡುವೆ 0.49, ಪೂರ್ತಿ ಬಲಕ್ಕೆ 2.44. ಎರಡೂ ತುದಿ ಕುರುಡು ವಲಯದಿಂದ ಹೊರಗೆ ಬಂದವು. ಎಡಗಡೆಯ ಅರ್ಧಕ್ಕೆ ಸಿಗುವುದು 0.27 ವೋಲ್ಟ್ ಮಾತ್ರ, ಆದರೂ 64 ಓದುಗಳ ಸರಾಸರಿ ತೆಗೆದು, ಎಡಿಸಿ ಕಾಲಿನ ಹತ್ತಿರವೇ ನೆಲಕ್ಕೆ 104 ಕೆಪಾಸಿಟರ್ (0.1 ಮೈಕ್ರೋಫ್ಯಾರಡ್) ಹಾಕಿದರೆ ಧಾರಾಳ ಸಾಕು. ಕೆಪಾಸಿಟರನ್ನು ಡಬ್ಬಿಯೊಳಗೆ ಹಾಕಿ ಉಪಯೋಗವಿಲ್ಲ, ಡಬ್ಬಿಯಿಂದ ಬೋರ್ಡಿಗೆ ಬರುವ ಉದ್ದನೆಯ ಲ್ಯಾನ್ ವೈರ್ ಹಿಡಿದು ತರುವ ಗದ್ದಲ ಅದನ್ನು ದಾಟಿಯೇ ಬರುತ್ತದೆ. ಆಮೇಲೆ ಡಬ್ಬಿಯ ಮೇಲೆ 0ಯಿಂದ 10ರವರೆಗೆ ಗೆರೆ ಎಳೆದು, 11 ಜಾಗದಲ್ಲೂ ಓದಿನ ಬೆಲೆ ಬರೆದುಕೊಂಡು, ಆ ಕೋಷ್ಟಕದ ನಡುವಿನ ಬೆಲೆಗಳನ್ನು ಪ್ರೋಗ್ರಾಮೇ ಲೆಕ್ಕ ಹಾಕುವಂತೆ ಮಾಡಬೇಕು. ಪ್ರತಿ ಡಬ್ಬಿಗೂ ಬೇರೆ ಕೋಷ್ಟಕ. ಒಂದರದು ಇನ್ನೊಂದಕ್ಕೆ ಹೊಂದುವುದಿಲ್ಲ.

ಒಂದು ಬೋರ್ಡಿಗೆ 6 ಡಬ್ಬಿಯೇ ಮಿತಿ, ಕಾಲಿನ ಸಂಖ್ಯೆಗಳು 32, 33, 34, 35, 36, 39. ಉಳಿದ ಅನಲಾಗ್ ಕಾಲುಗಳು ಎಡಿಸಿ2 ಎಂಬ ಎರಡನೇ ಎಡಿಸಿಯವು, ವೈಫೈ ಹಚ್ಚಿದರೆ ಅವು ಕೈಕೊಡುತ್ತವೆ. ಹಾಗಾಗಿ ಎರಡು ಬೋರ್ಡ್.

ಇಷ್ಟೆಲ್ಲ ಆದ ಮೇಲೂ ಒಂದು ತೊಡಕು ಉಳಿಯಿತು. ಇದು ವೈರಿನದಲ್ಲ, ಪ್ರಶ್ನೆಯದು. ಎಲೇನ್ ಹಸಿವು ತಾಳದೆ ಯಾರದೋ ಮೇಜಿಗೆ ಹೋಗಿ, ಊಟಕ್ಕೆ ಕೂತ ಅಪರಿಚಿತರಿಂದ ಒಂದು ಎಗ್ ರೋಲ್ ಕೇಳುತ್ತಾಳಲ್ಲ, ಅಲ್ಲಿ ಅರ್ಧ ಮಂದಿ ನಾಬ್ ಏರಿಸಿದರು, ಅರ್ಧ ಮಂದಿ ಇಳಿಸಿದರು. ನಕ್ಕವರು ಮಾತ್ರ ಎಲ್ಲರೂ. ಕೇಳಿದರೆ ಒಬ್ಬ ಅಕ್ಕಾರು ಹೇಳಿದ್ದು: ‘ನಗು ಬಂತ್ರಿ, ಖರೇನ. ಆದ್ರ ಇಂಥಾಕೀನ್ನ ಲಗ್ನದ ಪಂಕ್ತ್ಯಾಗ ಬಾಜೂಕ ಕುಂದ್ರಿಸ್ಕೊಳ್ಳಂಗಿಲ್ಲ ನಾ.’ ಅಭಿಪ್ರಾಯ ಎರಡು, ನಾಬ್ ಒಂದು. 1989ರಲ್ಲಿ ಅಮೆರಿಕದ ಟಿವಿ ವಾಹಿನಿ ಎನ್‌ಬಿಸಿಯ ಪರೀಕ್ಷಾ ವರದಿ ಈ ಧಾರಾವಾಹಿಯ ಮೊದಲ ಕಂತಿಗೆ ‘ದುರ್ಬಲ’ ಎಂದು ಷರಾ ಬರೆದಿತ್ತು, ಆಮೇಲೆ ಅದು 9 ಸೀಸನ್, 180 ಕಂತು ಓಡಿತು. ಪಾತ್ರ ಹಿಡಿಸಿತೇ, ನಗು ಬಂತೇ ಎಂಬ ಎರಡನ್ನೂ ಒಂದೇ ಅಂಕೆಯಲ್ಲಿ ಹಾಕಿ ಅಳೆದರೆ ಇಂಥ ಹಾಸ್ಯ ಯಾವಾಗಲೂ ಸೋಲುತ್ತದೆ ಎಂದು ನನ್ನ ಖಚಿತ ನಂಬಿಕೆ.

ಆದ್ದರಿಂದ ಡಬ್ಬಿಗೊಂದು ಗುಂಡಿ ಸೇರಿಸಿದೆವು. ನಗು ಬಂದರೆ ಗುಂಡಿ. ನಾಬ್ ಇರುವುದು ‘ಈ ಮನುಷ್ಯಾನ್ನ ಮನಿಗೆ ಕರೀತೀರೇನು?’ ಎಂಬುದಕ್ಕೆ ಮಾತ್ರ. ಗುಂಡಿಗಳನ್ನು 4, 13, 14, 25, 26, 27ನೇ ಕಾಲುಗಳಿಗೆ, ಒತ್ತದಿದ್ದಾಗ ಕಾಲನ್ನು 3.3 ವೋಲ್ಟಿನಲ್ಲಿ ಹಿಡಿದಿಡುವ ಒಳಗಿನ ಪುಲ್‌ಅಪ್ ಹಚ್ಚಿ ಜೋಡಿಸಿ. 12ನೇ ಕಾಲನ್ನು ಮುಟ್ಟಬೇಡಿ, ಹೊರಗಿನಿಂದ ಪುಲ್‌ಅಪ್ ಕೊಟ್ಟರೆ ಬೋರ್ಡ್ ಶುರುವೇ ಆಗುವುದಿಲ್ಲ. ಗುಂಡಿ ‘ಟಕ್’ ಅನ್ನಲೇಬಾರದು: ಒಬ್ಬರ ಸಪ್ಪಳ ಕೇಳಿ ಪಕ್ಕದವರೂ ಒತ್ತುತ್ತಾರೆ, ಅಭಿಪ್ರಾಯ ನೆಗಡಿಯ ಹಾಗೆ ಸಾಲಾಗಿ ಹರಡುತ್ತದೆ. ಹಳೆಯ ಟಿವಿ ರಿಮೋಟಿನ ರಬ್ಬರ್ ಗುಂಡಿ ಇದಕ್ಕೆ ಬಂಗಾರ. ಇನ್ನೊಂದು, ಗಿರ್ಮಿಟ್ ಮತ್ತು ಮಿರ್ಚಿ ಕಂತು ಮುಗಿದ ಮೇಲೆಯೇ ಕೊಡಿ. 22 ನಿಮಿಷ ತಡೆಯುತ್ತಾರೆ. ಎಣ್ಣೆಗೈಯಲ್ಲಿ ನಾಬ್ ಜಾರುತ್ತದೆ, ಒಂದು ಕೈ ತಿನ್ನುವುದಕ್ಕೇ ಹೋದರೆ ಗುಂಡಿ ಒತ್ತುವವರೇ ಇರುವುದಿಲ್ಲ. ಕತ್ತಲಲ್ಲಿ ನಡು ಸಿಗಲೆಂದು ನಾಬಿನ ತಲೆಯ ನೇರಕ್ಕೆ ಡಬ್ಬಿಯ ಮೇಲೆ ಎಂ-ಸೀಲಿನ ಒಂದು ಸಣ್ಣ ಉಬ್ಬು ಮಾಡಿ, ಬೆರಳಿಗೆ ತಾಗುತ್ತದೆ.

ಹೊಸ ಡಬ್ಬಿಗಳಿಗೆ ಕೊಟ್ಟದ್ದು 1996ರ ಮೇ 16ರ ಕಂತು, ಜಾರ್ಜ್ ಅತಿ ಅಗ್ಗದ ಲಗ್ನಪತ್ರಿಕೆ ಆರಿಸಿ, ಲಕೋಟೆಯ ಅಂಟು ನೆಕ್ಕಿ ನೆಕ್ಕಿ ಅವನು ಮದುವೆಯಾಗಬೇಕಿದ್ದ ಸೂಸನ್ ಸಾಯುವುದು. ಆಸ್ಪತ್ರೆಯಲ್ಲಿ ಸುದ್ದಿ ತಿಳಿದ ಮೇಲೆ ಜಾರ್ಜ್ ‘ಕಾಫಿ ಕುಡಿಯೋಣ’ ಅನ್ನುವಲ್ಲಿ ನಾಬುಗಳೆಲ್ಲ ಎಡಕ್ಕೆ ಕುಸಿದವು, ಅದೇ ಹೊತ್ತಿಗೆ ಗ್ರಾಫಿನಲ್ಲಿ ಗುಂಡಿಗಳ ಸಾಲು ಒತ್ತಿದ ಗುರುತುಗಳಿಂದ ಕಪ್ಪಾಯಿತು. ‘ಅಲ್ಲಲೇ, ಹೆಣಾ ಇನ್ನೂ ಒಳಗೈತಿ, ಇವ್ರು ಕಾಫಿಗೆ ಹೊಂಟಾರ!’ ಎಂದು ಹಿಂದಿನಿಂದ ಒಬ್ಬ ಕಾಕಾ ಕೂಗಿದರು, ಅವರ ಗುಂಡಿಯೂ ಒತ್ತಿಯೇ ಇತ್ತು. ಈ ಎರಡು ಗೆರೆ ಬೇರೆಯಾಗಿ ಕಂಡದ್ದೇ ಇಡೀ ಕೆಲಸದ ಫಲ. ಓದುವಾಗ ಒಂದು ಎಚ್ಚರ: ಕೈ ಕಣ್ಣಿಗಿಂತ ಹಿಂದೆ ಇರುತ್ತದೆ. ನಾಬಿನ ಗೆರೆಯನ್ನು ಒಂದೂವರೆ ಸೆಕೆಂಡಿನಷ್ಟು ಹಿಂದಕ್ಕೆ ಸರಿಸಿ ನೋಡಿ, ಗುಂಡಿಗೆ ಅಷ್ಟು ಬೇಕಾಗುವುದಿಲ್ಲ.

ಇದನ್ನು ಬರೆಯುವಾಗಲೇ ಇನ್ನೊಂದು ತಲೆಗೆ ಹೊಕ್ಕಿದೆ: ಇದೇ ಡಬ್ಬಿಗಳನ್ನು ಹಳ್ಳಿಯ ಸಣ್ಣಾಟಕ್ಕೆ ಒಯ್ಯಬೇಕು! ಬಯಲಲ್ಲಿ ರೂಟರ್ ಇಲ್ಲ, ಬೋರ್ಡುಗಳು ತಮ್ಮತಮ್ಮಲ್ಲೇ ನೇರ ಮಾತಾಡುವ ಇಎಸ್‌ಪಿ-ನೌ ಬಳಸಬೇಕು. ಬ್ಯಾಟರಿಗೆ 18650 ಲಿಥಿಯಂ ಸೆಲ್, ಚಾರ್ಜಿಗೆ ಟಿಪಿ4056 ಎಂಬ ಚಾರ್ಜರ್ ಚಿಪ್. ಸೆಲ್ಲಿನ 3.7 ವೋಲ್ಟನ್ನು ಸೀದಾ ಬೋರ್ಡಿನ 5 ವೋಲ್ಟ್ ಕಾಲಿಗೆ ಕೊಟ್ಟರೆ ಎಎಂಎಸ್1117 ರೆಗ್ಯುಲೇಟರ್ ಒಂದು ವೋಲ್ಟಿನಷ್ಟು ನುಂಗುತ್ತದೆ, 3.3 ಬರುವುದೇ ಇಲ್ಲ, ನಡುವೆ ವೋಲ್ಟನ್ನು 5ಕ್ಕೆ ಏರಿಸುವ ಬೂಸ್ಟರ್ ಬೇಕು. ಬೆಳತನಕ ಆಟ ನಡೆದರೆ ಸೆಲ್ ಎಷ್ಟು ತಾಳುತ್ತದೆ ಎಂದು ಮೊದಲು ಅಳೆಯಬೇಕು.

ಅದಕ್ಕೂ ಮುಂಚೆ 1998ರ ಮೇ 14ರ ಕೊನೆಯ ಕಂತು. ದರೋಡೆಗೆ ಸಿಕ್ಕವನನ್ನು ನೋಡಿ ನಗುತ್ತ ನಿಂತದ್ದಕ್ಕೆ ನಾಲ್ವರೂ ಜೈಲಿಗೆ ಹೋಗುವುದು, ಅಮೆರಿಕದಲ್ಲಿ 7 ಕೋಟಿ 60 ಲಕ್ಷಕ್ಕೂ ಹೆಚ್ಚು ಮಂದಿ ನೋಡಿದ್ದು. ಸಾಕ್ಷಿ ಹೇಳಲು ಹಳೆಯ ಕಂತುಗಳ ಪಾತ್ರಗಳೆಲ್ಲ ಬರುತ್ತವೆ, ಹಿಂದಿನದು ನೋಡದವರಿಗೆ ಅವರು ಯಾರೆಂದೇ ತಿಳಿಯುವುದಿಲ್ಲ. ಆದ್ದರಿಂದ ಮೊದಲ ಬೋರ್ಡಿನ 6 ಡಬ್ಬಿ ಹಿಂದಿನ ಕಂತು ನೋಡಿದವರಿಗೆ, ಎರಡನೆಯದರ 6 ಹೊಸಬರಿಗೆ. ಎರಡು ಗುಂಪನ್ನೂ ಬೆರೆಸಿ ಕೂರಿಸಬೇಡಿ, ಹಳಬರು ಮೊದಲೇ ನಗುತ್ತಾರೆ.