ಆರು ತಿಂಗಳಿಗೆ ಮಾಯವಾಗುವ ಕದ್ದಾಲಿಕೆಯ ಕಡತ

ನಿಮ್ಮ ಫೋನ್ ಕದ್ದಾಲಿಸಲು ಸರ್ಕಾರಕ್ಕೆ ನ್ಯಾಯಾಧೀಶರ ಅನುಮತಿ ಬೇಕಿಲ್ಲ. ಕೇಂದ್ರದಲ್ಲಿ ಗೃಹ ಕಾರ್ಯದರ್ಶಿ, ರಾಜ್ಯದಲ್ಲಿ ಗೃಹ ಇಲಾಖೆಯ ಕಾರ್ಯದರ್ಶಿ ಸಹಿ ಹಾಕಿದರೆ ಸಾಕು. 1996ರ ಡಿಸೆಂಬರ್‌ನಲ್ಲಿ, ನಾಗರಿಕ ಹಕ್ಕುಗಳ ಸಂಘಟನೆ ಪಿಯುಸಿಎಲ್ ಹೂಡಿದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಕದ್ದಾಲಿಕೆಗೆ ಲಗಾಮು ಹಾಕಿತಾದರೂ, ಮೊದಲೇ ಕೋರ್ಟಿನ ಒಪ್ಪಿಗೆ ಪಡೆಯಬೇಕು ಎಂದು ಹೇಳಲಿಲ್ಲ. ನಿಯಮ ಮಾಡುವ ಕೆಲಸವನ್ನು ಸರ್ಕಾರಕ್ಕೇ ಬಿಟ್ಟಿತು. 1885ರ ಟೆಲಿಗ್ರಾಫ್ ಕಾಯ್ದೆ ಹೋಗಿ 2023ರ ದೂರಸಂಪರ್ಕ ಕಾಯ್ದೆ ಬಂತು, 2024ರ ಡಿಸೆಂಬರ್‌ನಲ್ಲಿ ಹೊಸ ನಿಯಮಗಳೂ ಬಂದವು. ಸಹಿ ಹಾಕುವವರು ಮಾತ್ರ ಬದಲಾಗಲಿಲ್ಲ.

ಒಂದು ಆದೇಶದ ಆಯುಸ್ಸು 60 ದಿನ. ಎಷ್ಟು ಸಲ ನವೀಕರಿಸಿದರೂ ಒಟ್ಟು 180 ದಿನ ದಾಟುವಂತಿಲ್ಲ. ಆದೇಶದ ಪ್ರತಿ 7 ಕೆಲಸದ ದಿನಗಳೊಳಗೆ ಪರಿಶೀಲನಾ ಸಮಿತಿಗೆ ಹೋಗಬೇಕು, ಸಮಿತಿ ಎರಡು ತಿಂಗಳಿಗೊಮ್ಮೆಯಾದರೂ ಸೇರಬೇಕು. ಕೇಂದ್ರದ ಸಮಿತಿಯಲ್ಲಿ ಸಂಪುಟ ಕಾರ್ಯದರ್ಶಿ, ಕಾನೂನು ಕಾರ್ಯದರ್ಶಿ, ದೂರಸಂಪರ್ಕ ಕಾರ್ಯದರ್ಶಿ ಇರುತ್ತಾರೆ. ರಾಜ್ಯದಲ್ಲಾದರೆ ಮುಖ್ಯ ಕಾರ್ಯದರ್ಶಿ, ಕಾನೂನು ಕಾರ್ಯದರ್ಶಿ, ಜೊತೆಗೆ ಗೃಹ ಇಲಾಖೆಗೆ ಸೇರದ ಇನ್ನೊಬ್ಬ ಕಾರ್ಯದರ್ಶಿ. ಅಧಿಕಾರಿ ಬರೆದದ್ದನ್ನು ಅಧಿಕಾರಿಗಳೇ ನೋಡುತ್ತಾರೆ, ಹೊರಗಿನವರು ಒಬ್ಬರೂ ಇಲ್ಲ.

ಅದನ್ನಾದರೂ ನೋಡುತ್ತಾರೆಯೇ? ಕೇಂದ್ರದ ಸಮಿತಿ ಪ್ರತಿ ಸಭೆಯಲ್ಲಿ 15,000ದಿಂದ 18,000 ಆದೇಶಗಳನ್ನು ಪರಿಶೀಲಿಸಬೇಕಾದ ಸ್ಥಿತಿಯಿದೆ, ಇದು ಆಗದ ಕೆಲಸ ಎಂದು ದತ್ತಾಂಶ ರಕ್ಷಣೆ ಕುರಿತ ನ್ಯಾಯಮೂರ್ತಿ ಬಿ.ಎನ್. ಶ್ರೀಕೃಷ್ಣ ಸಮಿತಿ 2018ರ ವರದಿಯಲ್ಲಿ ಬರೆದಿದೆ. ಎಂಟು ಗಂಟೆ ಎದ್ದೇಳದೆ ಕೂತರೂ ಒಂದು ಆದೇಶಕ್ಕೆ ಎರಡು ಸೆಕೆಂಡ್ ಸಿಗುವುದಿಲ್ಲ. ಕಾರಣ ಓದುವುದಿರಲಿ, ಹಾಳೆ ಮಗುಚಲೂ ಅಷ್ಟು ಹೊತ್ತು ಸಾಲದು.

ಇದಕ್ಕಿಂತ ದೊಡ್ಡ ತೊಡಕು ದಾಖಲೆ ನಾಶದ ನಿಯಮ. ಕೆಲಸಕ್ಕೆ ಬೇಕಾದದ್ದು, ಕೋರ್ಟ್ ಇಟ್ಟುಕೊಳ್ಳಲು ಹೇಳಿದ್ದು ಬಿಟ್ಟು ಉಳಿದ ಕದ್ದಾಲಿಕೆ ದಾಖಲೆಗಳನ್ನು ಆರು ತಿಂಗಳಿಗೊಮ್ಮೆ ನಾಶಪಡಿಸಬೇಕು. ಟೆಲಿಕಾಂ ಕಂಪನಿಗೆ ಕದ್ದಾಲಿಕೆ ನಿಂತ ಮೇಲೆ ಎರಡೇ ತಿಂಗಳು. ಧ್ವನಿಮುದ್ರಣ ನಾಶವಾಗಲಿ, ಆಡಿದವರ ಖಾಸಗಿತನಕ್ಕೆ ಅದು ಒಳ್ಳೆಯದೇ. ಆದರೆ ಯಾರು ಆದೇಶಿಸಿದರು, ಯಾಕೆ ಆದೇಶಿಸಿದರು ಎಂಬ ಕಾಗದವೂ ಜೊತೆಗೇ ಹೋಗುತ್ತದೆ. 1988ರಲ್ಲಿ ರಾಮಕೃಷ್ಣ ಹೆಗಡೆಯವರು ಮುಖ್ಯಮಂತ್ರಿ ಸ್ಥಾನ ಬಿಡಬೇಕಾಗಿ ಬಂದದ್ದು ಕದ್ದಾಲಿಕೆಯ ಆದೇಶಗಳು ಬಯಲಾದದ್ದರಿಂದ. ಈಗ ಬಯಲಿಗೆಳೆಯಲು ಕಾಗದವೇ ಉಳಿದಿರಲಿಕ್ಕಿಲ್ಲ.

ಈ ಆರು ತಿಂಗಳ ಪಕ್ಕದಲ್ಲಿ, ಇಂಥ ಕಾಗದ ಕೇಳಲು ನಮಗಿರುವ ಮಾಹಿತಿ ಹಕ್ಕು ಕಾಯ್ದೆಯ ಗಡುವುಗಳನ್ನು ಇಟ್ಟು ನೋಡಿ. ಉತ್ತರಕ್ಕೆ 30 ದಿನ, ಮೊದಲ ಮೇಲ್ಮನವಿ ಸಲ್ಲಿಸಲು 30 ದಿನ, ಅದು ತೀರ್ಮಾನವಾಗಲು 30ರಿಂದ 45 ದಿನ, ಎರಡನೆಯ ಮೇಲ್ಮನವಿ ಸಲ್ಲಿಸಲು 90 ದಿನ. ಆಯೋಗ ಇಷ್ಟರೊಳಗೆ ತೀರ್ಪು ಕೊಡಬೇಕೆಂಬ ಗಡುವಂತೂ ಕಾಯ್ದೆಯಲ್ಲೇ ಇಲ್ಲ. ಹಾಗಾಗಿ ಯಾವ ಹಂತದಲ್ಲೂ ಕೊನೆಯ ದಿನದವರೆಗೆ ಕಾಯಬೇಡಿ. ಹಿಂಬರಹ ಕೈಸೇರಿದ ವಾರದಲ್ಲೇ ಮೇಲ್ಮನವಿ ಹಾಕಿ.

'ನನ್ನ ಫೋನ್ ಕದ್ದಾಲಿಕೆಯಲ್ಲಿದೆಯೇ' ಎಂದು ಕೇಳಿದ ಅರ್ಜಿ ಅದೇ ಕಾಯ್ದೆಯ ಸೆಕ್ಷನ್ 8(1)(ಎ) (ದೇಶದ ಭದ್ರತೆ) ಅಥವಾ 8(1)(ಎಚ್) (ತನಿಖೆಗೆ ಅಡ್ಡಿ) ಅಡಿ ತಿರಸ್ಕೃತವಾಗುವುದು ಬಹುತೇಕ ಖಚಿತ. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ ಮೂಲಕ ಸುತ್ತಿ ಬಂದು ಕೇಳಿದ ಇಂಥದೇ ಪ್ರಶ್ನೆಯನ್ನೂ ದೆಹಲಿ ಹೈಕೋರ್ಟ್ 2023ರ ಡಿಸೆಂಬರ್‌ನಲ್ಲಿ ಒಪ್ಪಲಿಲ್ಲ. ಐಬಿ, ರಾ, ಸಿಬಿಐಗೆ ಬರೆದು ಪ್ರಯೋಜನವಿಲ್ಲ. ಅವು ಎರಡನೇ ಅನುಸೂಚಿಯಲ್ಲಿವೆ. ಭ್ರಷ್ಟಾಚಾರ ಮತ್ತು ಮಾನವ ಹಕ್ಕು ಉಲ್ಲಂಘನೆ ಬಿಟ್ಟು ಬೇರೆ ವಿಷಯಕ್ಕೆ ಕಾಯ್ದೆ ಅವುಗಳಿಗೆ ಅನ್ವಯಿಸುವುದಿಲ್ಲ. ಕೇಂದ್ರ ಗೃಹ ಸಚಿವಾಲಯ ಆ ಪಟ್ಟಿಯಲ್ಲಿಲ್ಲ. ಅರ್ಜಿ ಅಲ್ಲಿಗೆ ಹೋಗಲಿ, ರಾಜ್ಯದ ಆದೇಶಗಳ ಬಗ್ಗೆಯಾದರೆ ರಾಜ್ಯದ ಗೃಹ ಇಲಾಖೆಗೆ.

ಹೆಸರು, ನಂಬರ್ ಕೇಳದೆ ಎಣಿಕೆ ಕೇಳಿ: ಕಳೆದ ಮೂರು ತಿಂಗಳಲ್ಲಿ ಎಷ್ಟು ಆದೇಶ, ಸಮಿತಿ ಯಾವ ತಾರೀಕುಗಳಂದು ಸೇರಿತು, ಎಷ್ಟನ್ನು ರದ್ದು ಮಾಡಿತು. ತುರ್ತೆಂದು ಸಹಿಗೆ ಮೊದಲೇ ಶುರುವಾದ ಕದ್ದಾಲಿಕೆ 7 ಕೆಲಸದ ದಿನಗಳೊಳಗೆ ಅನುಮೋದನೆ ಸಿಗದಿದ್ದರೆ ನಿಲ್ಲಬೇಕು. ಹಾಗೆ ನಿಂತವು ಎಷ್ಟು ಎಂದೂ ಕೇಳಬಹುದು. 'ಕ್ರೋಡೀಕೃತ ಅಂಕಿಅಂಶ ಇಟ್ಟಿಲ್ಲ' ಎಂಬ ಉತ್ತರಕ್ಕೆ ಮೊದಲೇ ಸಿದ್ಧರಾಗಿರಿ. ಇಲ್ಲದ ಮಾಹಿತಿಯನ್ನು ಕಲೆಹಾಕಿ ಕೊಡುವ ಹೊಣೆ ಅಧಿಕಾರಿಗಿಲ್ಲ ಎಂದು 2011ರಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ. ಆದ್ದರಿಂದ ಸಭಾ ನಡಾವಳಿಯ ಪ್ರತಿಯನ್ನೂ ಕೇಳಿ, ಗೋಪ್ಯ ಭಾಗವನ್ನು ಸೆಕ್ಷನ್ 10ರ ಪ್ರಕಾರ ಮುಚ್ಚಿ ಉಳಿದದ್ದು ಕೊಡಿ ಎಂದು ಬರೆಯಿರಿ. ನಾಶವಾಗಿದೆ ಎಂದರೆ ನಾಶದ ದಿನಾಂಕ, ಯಾರ ಆದೇಶ ಎಂದು ಮತ್ತೊಂದು ಅರ್ಜಿ. ಕರ್ನಾಟಕದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದಗಳ ಮಿತಿ. ಶುಲ್ಕ 10 ರೂಪಾಯಿ.

ಕದ್ದಾಲಿಸಿದ್ದನ್ನು ಆ ವ್ಯಕ್ತಿಗೆ ಆಮೇಲಾದರೂ ತಿಳಿಸಬೇಕೆಂಬ ನಿಯಮವಿಲ್ಲ. ಸಾಮಾನ್ಯವಾಗಿ ಅದು ಗೊತ್ತಾಗುವುದು ದೋಷಾರೋಪ ಪಟ್ಟಿಯ ಜೊತೆ ಸಂಭಾಷಣೆಯ ಲಿಖಿತ ಪ್ರತಿ ಬಂದಾಗ. ಆಗ ವಕೀಲರು ಮೊದಲು ಕೇಳಬೇಕಾದದ್ದು ಮೂಲ ಆದೇಶ, ಅದರಲ್ಲಿ ಬರೆದ ಕಾರಣ, ಸಮಿತಿಗೆ ಕಳಿಸಿದ ದಿನಾಂಕ. ಲಂಚದ ಪ್ರಕರಣವೊಂದರಲ್ಲಿ, ಕದ್ದಾಲಿಕೆಗೆ ಕಾನೂನು ಕೇಳುವ ಸಾರ್ವಜನಿಕ ಸುರಕ್ಷತೆಯ ಪ್ರಶ್ನೆಯೇ ಇಲ್ಲವೆಂದು ಬಾಂಬೆ ಹೈಕೋರ್ಟ್ 2019ರಲ್ಲಿ ಮೂರು ಆದೇಶಗಳನ್ನು ರದ್ದುಪಡಿಸಿ, ಧ್ವನಿಮುದ್ರಣ ನಾಶಪಡಿಸಲು ಹೇಳಿತು. ಎದುರು ಪಕ್ಷ ಸುಪ್ರೀಂ ಕೋರ್ಟಿನ 1972ರ ಮಲ್ಕಾನಿ ತೀರ್ಪನ್ನು ತಂದೇ ತರುತ್ತದೆ: ಅಕ್ರಮವಾಗಿ ಪಡೆದದ್ದೆಂಬ ಒಂದೇ ಕಾರಣಕ್ಕೆ ಸಾಕ್ಷ್ಯ ಬಿದ್ದುಹೋಗುವುದಿಲ್ಲ ಎಂಬುದು ಆ ತೀರ್ಪಿನ ಸಾರ. ಅದಕ್ಕೆ ಉತ್ತರ ಸಿದ್ಧವಿಲ್ಲದೆ ಆದೇಶದ ಲೋಪವನ್ನಷ್ಟೇ ಹಿಡಿದು ಹೋದವರು ಸೋಲುವ ಸಾಧ್ಯತೆಯೇ ಹೆಚ್ಚು.