ಕರಿಗಿರಿಯ ಚಪ್ಪಲಿ ಕೋಣೆ

ಅಮ್ಮನ ಬೆನ್ನುನೋವು ತೋರಿಸಲು ವೆಲ್ಲೂರಿಗೆ ಹೋಗಿದ್ದೆವು. ಐದು ದಿನದಲ್ಲಿ ನಾಲ್ಕು ದಿನ ಚೀಟಿ, ಕ್ಯೂ, ಸ್ಕ್ಯಾನ್, ಮತ್ತೆ ಕ್ಯೂ. ಅದರ ಬಗ್ಗೆ ಹೇಳುವಂಥದ್ದು ಏನೂ ಇಲ್ಲ. ರಿಪೋರ್ಟ್ ಬರಲು ಒಂದು ದಿನ ಕಾಯಬೇಕಿತ್ತು. ಆ ಬೆಳಿಗ್ಗೆ ನಾನು ಅಲ್ಲೇ ಹತ್ತಿರದ ಕರಿಗಿರಿಯ ಕುಷ್ಠರೋಗದ ಆಸ್ಪತ್ರೆಗೆ ಹೋದೆ. ಅಲ್ಲಿ ಕೂತಿದ್ದ ಬೆಂಚು, ಪಕ್ಕದಲ್ಲಿ ಸಿಕ್ಕ ಹಿರಿಯರು ಇವತ್ತಿಗೂ ಮನಸ್ಸಿನಿಂದ ಹೋಗಿಲ್ಲ.

ಅದಕ್ಕೆ ಮೊದಲು, ವೆಲ್ಲೂರಿಗೆ ಹೋಗುವವರಿಗೆ ಒಂದು ಮಾತು. ರೈಲಿನಲ್ಲಿ ಇಳಿಯಬೇಕಾದ್ದು ಕಾಟ್ಪಾಡಿಯಲ್ಲಿ. ಬೆಂಗಳೂರಿನಿಂದ ಲಾಲ್‌ಬಾಗ್ ಎಕ್ಸ್‌ಪ್ರೆಸ್ ಅನುಕೂಲ. ಆದರೆ ರೂಮು ಕಣ್ಣಾರೆ ನೋಡುವ ತನಕ ಯಾವ ಲಾಡ್ಜ್‌ಗೂ ದುಡ್ಡು ಹಾಕಬೇಡಿ. ನಮಗೆ ಫೋನಿನಲ್ಲಿ ಲಿಫ್ಟ್ ಇದೆ ಅಂದರು, ಮೂರು ದಿನದ ಬಾಡಿಗೆ ಮುಂಚೆಯೇ ಹಾಕಿಸಿಕೊಂಡರು. ಹೋಗಿ ನೋಡಿದರೆ ಲಿಫ್ಟ್ ಕೆಟ್ಟು ತಿಂಗಳುಗಳೇ ಆಗಿದ್ದವು. ನಡೆಯಲಾಗದ ಅಮ್ಮ ಗೋಡೆ ಹಿಡಿದು ಮೂರು ಮಹಡಿ ಹತ್ತಿದರು. ದುಡ್ಡು ವಾಪಸ್ ಕೊಡಲಿಲ್ಲ. ನೆನೆಸಿಕೊಂಡರೆ ಈಗಲೂ ಹೊಟ್ಟೆ ಉರಿಯುತ್ತದೆ. ಊಟ ಮಾತ್ರ ಚೆನ್ನಾಗಿತ್ತು. ಎಲ್ಲರೂ ಹೊಗಳುವ ಆಂಬೂರು ಬಿರಿಯಾನಿಗಿಂತ ಅದರ ಜೊತೆ ಬಡಿಸುವ ಬದನೆಕಾಯಿ ಗೊಜ್ಜೇ ನನಗೆ ಹಿಡಿಸಿತು.

ಕರಿ ಅಂದರೆ ಆನೆ, ಗಿರಿ ಅಂದರೆ ಬೆಟ್ಟ. ಬೆಟ್ಟದ ಪಕ್ಕದ ಬರಡು ಬಯಲಿನಲ್ಲಿ 1955ರಲ್ಲಿ ಶುರುವಾದ ಕುಷ್ಠರೋಗದ ಆಸ್ಪತ್ರೆ ಅದು. ಈಗ ಎಲ್ಲ ಕಾಯಿಲೆಗೂ ನೋಡುತ್ತಾರೆ. ಬರಡು ಅಂದೆನಲ್ಲ, ಈಗ ಹೋದರೆ ನಂಬುವುದಿಲ್ಲ, ಅಷ್ಟು ಮರ. ಅಲ್ಲಿ ಸರ್ಜನ್ ಆಗಿದ್ದ ಅರ್ನೆಸ್ಟ್ ಫ್ರಿಟ್ಷಿ ಹಠ ಹಿಡಿದು ನೆಡಿಸಿ ಬೆಳೆಸಿದ್ದು. ನನ್ನ ಚಿಕ್ಕಮ್ಮನ ಮಗಳು ಅಲ್ಲೇ ಕೆಲಸ ಮಾಡುತ್ತಾಳೆ. "ಅಕ್ಕಾ, ಸುಮ್ನೆ ರೂಮಲ್ಲಿ ಕೂತು ಏನ್ ಮಾಡ್ತೀಯ, ಬಾ" ಅಂದಳು. ಹೋದೆ.

ನಿಜ ಹೇಳಬೇಕು. ಗೇಟಿನ ಒಳಗೆ ಕಾಲಿಡುವಾಗ ನನಗೆ ಭಯವಾಯಿತು. ಚಿಕ್ಕಂದಿನಲ್ಲಿ ನಮ್ಮ ಚರ್ಚಿನ ಮೆಟ್ಟಿಲ ಮೇಲೆ ಒಬ್ಬ ತಾತ ಕೂರುತ್ತಿದ್ದರು. ಬೆರಳುಗಳು ಮೊಂಡಾಗಿದ್ದವು. ಆರಾಧನೆ ಮುಗಿಯುವವರೆಗೂ ಅವರು ಒಳಗೆ ಬರುತ್ತಿರಲಿಲ್ಲ, ಯಾರೂ ಕರೆಯುತ್ತಲೂ ಇರಲಿಲ್ಲ. ನಮ್ಮಜ್ಜಿ ಅವರಿಗೆ ಕಾಫಿ ಕೊಡುತ್ತಿದ್ದರು, ತೆಂಗಿನ ಕರಟದಲ್ಲಿ, ಮೇಲಿನಿಂದ ಹುಯ್ದು. ನನಗೂ ಹಾಗೇ ಹುಯ್ಯಲು ಕಲಿಸಿದ್ದರು. ಅಜ್ಜಿ ಕೆಟ್ಟವರಲ್ಲ. ಒಂದು ಭಾನುವಾರವೂ ಮರೆಯದೆ ಕೊಟ್ಟರು. ಆದರೆ ಮಾರ್ಕನ ಸುವಾರ್ತೆಯ ಮೊದಲ ಅಧ್ಯಾಯದಲ್ಲೇ ಇದೆ, ಯೇಸು ಕುಷ್ಠರೋಗಿಯನ್ನು ಕೈಚಾಚಿ ಮುಟ್ಟಿದ್ದು. ವಾಸಿಯಾದ ಮೇಲೆ ಮುಟ್ಟಿದ್ದಲ್ಲ, ಮೊದಲು ಮುಟ್ಟಿದ್ದು. ಎಷ್ಟು ಸಲ ಓದಿದ್ದೆವು ಅದನ್ನು!

ತಂಗಿ ನನ್ನನ್ನು ಚಪ್ಪಲಿ ಮಾಡುವ ಕೋಣೆಯ ಹೊರಗಿನ ಬೆಂಚಿನಲ್ಲಿ ಕೂರಿಸಿ ತನ್ನ ಕೆಲಸಕ್ಕೆ ಹೋದಳು. ಬಾಗಿಲಿನಿಂದ ಒಳಗೆ ಎಲ್ಲ ಕಾಣುತ್ತಿತ್ತು. ಅಂಟಿನ ಘಾಟು ವಾಸನೆ, ಕಪ್ಪು ರಬ್ಬರ್ ಹಾಳೆಗಳು, ಗೋಡೆಗೆ ತೂಗುಹಾಕಿದ ಪಟ್ಟಿಗಳು. ಒಬ್ಬರು ನಡುವಯಸ್ಸಿನ ಕೆಲಸಗಾರರು ಕುಳ್ಳು ಸ್ಟೂಲಿನ ಮೇಲೆ ಕೂತು ಒಬ್ಬ ಹೆಂಗಸಿನ ಪಾದವನ್ನು ತಮ್ಮ ತೊಡೆಯ ಮೇಲೆ ಇಟ್ಟುಕೊಂಡಿದ್ದರು. ಎರಡು ಬೆರಳು ಮಾತ್ರ ಉಳಿದ ಪಾದ. ಕೈಗೆ ಗ್ಲೌಸ್ ಇಲ್ಲ. ಹೆಬ್ಬೆರಳಿನಿಂದ ಅಂಗಾಲನ್ನು ಒತ್ತಿ ಒತ್ತಿ, ಎಲ್ಲಿ ಬಿಸಿ, ಎಲ್ಲಿ ಗಡಸು ಅಂತ ಹುಡುಕುತ್ತಿದ್ದರು. ಆಮೇಲೆ ಪಾದವನ್ನು ಕಾಗದದ ಮೇಲಿಟ್ಟು ಪೆನ್ಸಿಲಿನಿಂದ ಸುತ್ತ ಗೀಟು ಎಳೆದರು. ಅಷ್ಟೂ ಹೊತ್ತು ಆಕೆಯ ಜೊತೆ ಮಳೆ, ಹಸು ಅಂತ ಮಾತು ನಡೆದೇ ಇತ್ತು.

"ಯಾವೂರಮ್ಮಾ?" ಪಕ್ಕದಲ್ಲಿ ಕೂತಿದ್ದವರು ಕನ್ನಡದಲ್ಲೇ ಕೇಳಿದರು. ನಾನು ಫೋನಿನಲ್ಲಿ ಅಮ್ಮನ ಜೊತೆ ಮಾತಾಡಿದ್ದು ಕೇಳಿಸಿಕೊಂಡಿದ್ದರು. ಅವರು ಮುಳಬಾಗಿಲಿನ ಕಡೆಯವರು. ಚಿತ್ತೂರಿನ ಮೇಲೆ ಬಸ್ಸಿನಲ್ಲಿ ಬಂದಿದ್ದರು. ವಯಸ್ಸು ಎಪ್ಪತ್ತರ ಹತ್ತಿರ.

"ನನ್ಗೆ ವಾಸಿ ಆಗಿ ಮೂವತ್ತು ವರ್ಷ ಆಯ್ತಮ್ಮಾ. ಎರಡು ವರ್ಷ ಮಾತ್ರೆ ತಿಂದೆ. ಕಾಯ್ಲೆ ಹೋಯ್ತು, ಜೋಮು ಉಳ್ಕೊಂತು."

ಈಗ ಎರಡು ವರ್ಷ ಬೇಕಾಗಿಲ್ಲ, ಆರು ತಿಂಗಳು ಇಲ್ಲವೇ ಒಂದು ವರ್ಷ ಸಾಕು. ಮಾತ್ರೆ ಸರ್ಕಾರಿ ಆಸ್ಪತ್ರೆಯಲ್ಲಿ ಬಿಟ್ಟಿ ಸಿಗುತ್ತದೆ. ಚಿವುಟಿದರೂ ಗೊತ್ತಾಗದ ಮಚ್ಚೆ ಮೈಮೇಲೆ ಇದ್ದರೆ ಬೇಗ ತೋರಿಸಬೇಕು, ಅಷ್ಟೇ. ತಡವಾದರೆ ನರ ಸಾಯುತ್ತದೆ, ಅದು ಮತ್ತೆ ಬರುವುದಿಲ್ಲ. ಬೆರಳು ರೋಗಕ್ಕೆ ಕೊಳೆತು ಬೀಳುತ್ತದೆ ಅಂತಲೇ ನಾನೂ ನಂಬಿದ್ದೆ. ಹಾಗಲ್ಲ. ನೋವು ಗೊತ್ತಾಗುವುದಿಲ್ಲ, ಅದಕ್ಕೆ ಸುಟ್ಟುಕೊಳ್ಳುತ್ತಾರೆ, ಗಾಯದ ಮೇಲೇ ನಡೆಯುತ್ತಾರೆ. ವೆಲ್ಲೂರಿನಲ್ಲಿ ಇದನ್ನು ಹಿಡಿದು ತೋರಿಸಿದವರು ಡಾಕ್ಟರ್ ಪಾಲ್ ಬ್ರ್ಯಾಂಡ್. 1914ರಲ್ಲಿ ಕೊಲ್ಲಿ ಬೆಟ್ಟದಲ್ಲಿ ಹುಟ್ಟಿದ ಮಿಷನರಿ ಮಗ. ರಾತ್ರಿ ಮಲಗಿದಾಗ ಇಲಿ ಕಡಿದರೂ ರೋಗಿಗಳಿಗೆ ಎಚ್ಚರವಾಗುವುದಿಲ್ಲ ಅಂತ ತಿಳಿದಾಗ, ಮನೆಗೆ ಹೋಗುವವರ ಕೈಗೆ ಒಂದೊಂದು ಬೆಕ್ಕು ಕೊಟ್ಟು ಕಳಿಸಿದರಂತೆ. ಮಡಚಿಕೊಂಡ ಬೆರಳುಗಳನ್ನು ಆಪರೇಷನ್ ಮಾಡಿ ನೆಟ್ಟಗೆ ಮಾಡಿದರು. ಆದರೆ ಒಬ್ಬ ರೋಗಿ ಬಂದು, ಈ ಕೈಗೆ ಯಾರೂ ಭಿಕ್ಷೆ ಹಾಕಲ್ಲ, ಕೆಲಸವನ್ನೂ ಕೊಡಲ್ಲ ಅಂದನಂತೆ. ಆಮೇಲೆ ಇಂಥ ರೋಗಿಗಳಿಗೆ ಮರಗೆಲಸ ಕಲಿಸುವ ನವಜೀವ ನಿಲಯ ಶುರುವಾಯಿತು. 1954ರಲ್ಲಿ ಅಪಘಾತದಲ್ಲಿ ಸೊಂಟದ ಕೆಳಗೆ ಸ್ವಾಧೀನ ಕಳೆದುಕೊಂಡ ಡಾಕ್ಟರ್ ಮೇರಿ ವರ್ಗೀಸ್ ಗಾಲಿಕುರ್ಚಿಯಲ್ಲಿ ಕೂತೇ ಇಂಥ ಕೈಗಳಿಗೆ ಆಪರೇಷನ್ ಮಾಡಿದರು. ಆಕೆಯ ಬಗ್ಗೆ ತಂಗಿ ಹೇಳುವಾಗ ನನಗೆ ಗಂಟಲು ಕಟ್ಟಿತು.

"ಮನೇಲಿ ಯಾರಿದ್ದಾರಣ್ಣಾ?" ಅಂದೆ.

"ಮಗ, ಸೊಸೆ, ಮೊಮ್ಮಗಳು. ಹೆಂಡ್ತಿ ಹೋಗಿ ನಾಲ್ಕು ವರ್ಷ." ಸ್ವಲ್ಪ ಹೊತ್ತು ಸುಮ್ಮನಿದ್ದರು. "ಅವಳ ಅಣ್ಣಂದಿರು ಬಂದು ಕರೆದ್ರು. ಊರೋರು ಬಿಟ್ಬಿಡು ಅಂದ್ರು. ಅವಳು ಹೋಗ್ಲಿಲ್ಲ. ದಿನಾ ಸಾಯಂಕಾಲ ಬಕೆಟ್ಟಲ್ಲಿ ನೀರಿಟ್ಟು ಕಾಲು ನೆನೆಸೋಳು. ಉಜ್ಜಿ ಕೊಬ್ರಿ ಎಣ್ಣೆ ಹಚ್ಚೋಳು."

ಗಂಡನಿಗೋ ಹೆಂಡತಿಗೋ ಕುಷ್ಠ ಇದೆ ಅನ್ನುವ ಕಾರಣಕ್ಕೇ ವಿಚ್ಛೇದನ ಕೊಡಬಹುದು ಅಂತ ನಮ್ಮ ಕಾನೂನಿನಲ್ಲೇ ಇತ್ತು. ಅದನ್ನು ತೆಗೆದದ್ದು 2019ರಲ್ಲಿ. ಆಕೆ ಹೋಗಿದ್ದರೆ ಯಾರೂ ತಪ್ಪು ಅನ್ನುತ್ತಿರಲಿಲ್ಲ, ಅಲ್ವಾ?

ಅವರ ಕಾಲಲ್ಲಿದ್ದದ್ದು ಕಪ್ಪು ರಬ್ಬರಿನ ಚಪ್ಪಲಿ. ಮೆತ್ತಗಿನ ತಳ, ಹಿಮ್ಮಡಿಗೆ ಪಟ್ಟಿ. ಒಂದು ಮೊಳೆಯೂ ಇರುವುದಿಲ್ಲ, ಮೊಳೆ ಮೇಲೆದ್ದು ಚುಚ್ಚಿದರೂ ಅವರಿಗೆ ತಿಳಿಯುವುದಿಲ್ಲವಲ್ಲ. "ಇದನ್ನ ನೋಡಿದ್ರೇ ಬಸ್ಸಲ್ಲಿ ಪಕ್ಕದೋರು ಎದ್ದು ಹೋಗ್ತಿದ್ರು" ಅಂದರು. "ಈ ಸಲ ಕಂದು ಬಣ್ಣದ್ದು ಹೊಲೀತಾರಂತೆ. ಶೂ ಅಂಗಡೀದು ಇದ್ದಂಗೇ ಇರುತ್ತಂತೆ." ಅದನ್ನು ಹೇಳುವಾಗ ಮುಖ ಅರಳಿತು.

ಒಳಗಿನಿಂದ ಅವರನ್ನು ಕರೆದರು. ಅಳತೆಗೆ ಚಪ್ಪಲಿ ಬಿಚ್ಚಿ ಹೋದರು. ವಾಪಸ್ ಬಂದು ಕೂತು, ಹಳೆಯದನ್ನು ಹಾಕಿಕೊಳ್ಳುವ ಮುಂಚೆ ಎರಡೂ ಚಪ್ಪಲಿ ಎತ್ತಿ ಬೋರಲು ಹಾಕಿ ಕುಟ್ಟಿದರು. ಆಮೇಲೆ ನನ್ನ ಕಡೆ ನೋಡಿದರು. ಕೇಳಲೋ ಬೇಡವೋ ಅನ್ನುವ ಹಾಗೆ.

"ಅಮ್ಮಾ, ಒಳಗೆ ಏನಾದ್ರೂ ಇದ್ಯಾ, ಸ್ವಲ್ಪ ಕೈ ಹಾಕಿ ನೋಡ್ತೀರಾ? ನನ್ ಕೈಗೆ ಗೊತ್ತಾಗಲ್ಲ. ಮನೇಲಿ ಮೊಮ್ಮಗಳು ನೋಡ್ತಾಳೆ."

ಬೆವರಿಗೆ ಇನ್ನೂ ಬೆಚ್ಚಗಿತ್ತು ಚಪ್ಪಲಿ. ತಳದಲ್ಲಿ ಅವರ ಪಾದದ ಅಚ್ಚು ಬಿದ್ದಿತ್ತು. ನಾನು ಒಂದು ಕ್ಷಣ ತಡೆದೆ. ಅದನ್ನು ಅವರು ನೋಡಿದರೋ ಏನೋ, ಚಪ್ಪಲಿ ಹಿಂದಕ್ಕೆ ತೆಗೆದುಕೊಳ್ಳಲು ಕೈ ಚಾಚಿದರು. ನಾನು ಕೊಡಲಿಲ್ಲ. ಎಡಗಾಲಿನದರಲ್ಲಿ ಬೆರಳಾಡಿಸಿದೆ, ಏನೂ ಇರಲಿಲ್ಲ. ಬಲಗಾಲಿನದರಲ್ಲಿ, ಹೆಬ್ಬೆರಳು ಊರುವ ಜಾಗದ ಹತ್ತಿರ ಏನೋ ಚುಚ್ಚಿತು. ರಬ್ಬರಿನಲ್ಲಿ ಹುಗಿದು ತುದಿ ಮಾತ್ರ ಮೇಲಿದ್ದ ಜಾಲಿಮುಳ್ಳು. ಉಗುರಿನಿಂದ ಎಳೆದರೆ ಬರಲಿಲ್ಲ. ಸೀರೆಯ ಪಿನ್ ಬಿಚ್ಚಿ ಮೀಟಿ ತೆಗೆದೆ.

ಅವರು ತಕ್ಷಣ ಬಲಗಾಲನ್ನು ಎತ್ತಿ ನೋಡಿಕೊಳ್ಳಲು ಹೋದರು. ಮೊಣಕಾಲು ಅಷ್ಟು ಬಗ್ಗಲಿಲ್ಲ. "ಇರಿ ಅಣ್ಣಾ" ಅಂತ ನಾನು ಬೆಂಚಿನಿಂದ ಇಳಿದು ನೆಲದ ಮೇಲೆ ಕೂತೆ. ಪಾದವನ್ನು ಕೈಯಲ್ಲಿ ಹಿಡಿದು ಬೆಳಕಿಗೆ ತಿರುಗಿಸಿದೆ. ಎಣ್ಣೆ ಹಚ್ಚಿ ಹಚ್ಚಿ ನುಣುಪಾಗಿದ್ದ ಪಾದ. ಹೆಬ್ಬೆರಳಿನ ಬುಡದಲ್ಲಿ ಸಾಸಿವೆ ಕಾಳಿನಷ್ಟು ಕೆಂಪು ಚುಕ್ಕೆ.

"ಒಳಗೆ ಹೋಗಿಲ್ಲಣ್ಣಾ, ಮೇಲೇ ಇದೆ" ಅಂದೆ. ಆದರೂ ನರ್ಸ್‌ಗೆ ತೋರಿಸಿಯೇ ಹೋಗಬೇಕು ಅಂತ ಇಬ್ಬರೂ ಡ್ರೆಸ್ಸಿಂಗ್ ಕೋಣೆಯ ಕಡೆ ನಡೆದೆವು. ಅವರು ನಿಧಾನವಾಗಿ ಹೆಜ್ಜೆ ಇಡುತ್ತಿದ್ದರು. ಮೆಟ್ಟಿಲು ಬಂದಾಗ ನಾನು ಕೈ ಕೊಟ್ಟೆ, ಅವರು ಹಿಡಿದುಕೊಂಡರು.